ಕೊಳವೆಯೊಳಗಿನ ಇಬ್ಬನಿ

ಗೊರಕೆಯನ್ನು ನಗೆಯ ವಸ್ತುವೆಂದೇ ತಿಳಿದುಕೊಂಡು ಬಂದವರು ನಾವು. ರಾಮಾಯಣದ ಕುಂಭಕರ್ಣನಿಂದ ಮೊದಲುಗೊಂಡು ಕಂಪೆನಿ ನಾಟಕದ ಹಾಸ್ಯಗಾರನವರೆಗೆ, ನಿದ್ರೆಯಲ್ಲಿ ಸದ್ದು ಮಾಡಿದವರೆಲ್ಲ ನಮ್ಮನ್ನು ನಗಿಸಿದ್ದಾರೆ. ಇಂಗ್ಲೆಂಡಿನ ಡಿಕನ್ಸ್ ಮಹಾಶಯ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಅವನು ನಿಂತಲ್ಲಿಯೇ ನಿದ್ರೆ ಹೋಗುತ್ತಾನೆ. ಬಾಗಿಲು ತಟ್ಟುತ್ತ ತಟ್ಟುತ್ತಲೇ ತೂಕಡಿಸುತ್ತಾನೆ. ಅವನನ್ನು ಕಂಡು ಓದುಗರು ನೂರಿಪ್ಪತ್ತು ವರ್ಷಗಳ ಕಾಲ ನಿರಾತಂಕವಾಗಿ ನಕ್ಕರು. 1956ರಲ್ಲಿ ಅಮೆರಿಕದ ಕೆಲವು ವೈದ್ಯರು ಆ ಹುಡುಗನನ್ನೇ ಹೋಲುವ ರೋಗಿಯೊಬ್ಬನನ್ನು ಪರೀಕ್ಷಿಸಿ, ಅವನ ವ್ಯಾಧಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟು ಲೇಖನ ಬರೆದರು. ಹಾಸ್ಯಪಾತ್ರವೊಂದು ವೈದ್ಯಶಾಸ್ತ್ರದ ಪುಸ್ತಕವನ್ನು ಸೇರಿದ್ದು ಹೀಗೆ.

ಇಂದು ಸ್ಲೀಪ್ ಆಪ್ನಿಯಾ ಎಂಬ ಹೆಸರು ನಮ್ಮ ಊರುಗಳಲ್ಲಿಯೂ ಕೇಳಿಬರುತ್ತಿದೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ; ಎದೆ ಉಸಿರಿಗಾಗಿ ಹೋರಾಡುತ್ತದೆ, ಗಾಳಿ ಒಳಹೋಗುವುದಿಲ್ಲ; ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ; ಮಿದುಳು ಗಾಬರಿಗೊಂಡು ಮಲಗಿದವನನ್ನು ಅರೆಕ್ಷಣ ಎಚ್ಚರಿಸುತ್ತದೆ; ಅವನು ಒಮ್ಮೆ ಭುಸ್ಸೆಂದು ಉಸಿರೆಳೆದು ಮತ್ತೆ ನಿದ್ರೆಗೆ ಜಾರುತ್ತಾನೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಒಂದು ಎಣಿಕೆ. ಗಾಳಿಯ ಹರಿವು ಪೂರ್ತಿ ನಿಲ್ಲದೆ ತೀರ ಕುಗ್ಗಿದ ಸಂದರ್ಭಗಳನ್ನೂ ಅದರ ಜೊತೆಗೆ ಸೇರಿಸುತ್ತಾರೆ. ಗಂಟೆಗೆ ಇಂಥವು 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನ ಪರೀಕ್ಷೆಯಲ್ಲಿ ಬಂದ ಅಂಕಿ 38. ಯೋಗಿಗಳು ವರ್ಷಗಟ್ಟಲೆ ಸಾಧನೆ ಮಾಡಿ ಗಳಿಸುವ ಕುಂಭಕವನ್ನು ನಾನು ಯಾವ ಸಾಧನೆಯೂ ಇಲ್ಲದೆ ಗಂಟೆಗೆ 38 ಸಲ ಮಾಡುತ್ತಿದ್ದೆನೆಂದು ಗೆಳೆಯರ ಮುಂದೆ ಹೇಳಿಕೊಂಡದ್ದುಂಟು. ನನ್ನ ಗೃಹಿಣಿಗೆ ಈ ವಿನೋದ ಎಂದೂ ರುಚಿಸಿದ್ದಿಲ್ಲ. ಆ ಕುಂಭಕಗಳನ್ನು ಕತ್ತಲೆಯಲ್ಲಿ ಕುಳಿತು ಎಣಿಸಿದವಳು ಅವಳು.

ಈ ವ್ಯಾಧಿಗೆ ಒಂದು ಕಾಲದಲ್ಲಿ ಇದ್ದ ಮುಖ್ಯ ಚಿಕಿತ್ಸೆಯೆಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ತೂತು ಕೊರೆಯುವುದು. 1980ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಬೇರೊಂದು ದಾರಿ ಹಿಡಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಗಾಳಿಯನ್ನು ಒಂದೇ ಸಮನೆ ಊದುತ್ತಿದ್ದರೆ, ಆ ಗಾಳಿಯೇ ಗಂಟಲನ್ನು ತೆರೆದು ಹಿಡಿಯುವ ಊರುಗೋಲಾಗುತ್ತದೆ ಎಂಬುದು ಅವರ ತರ್ಕ. ಐವರು ರೋಗಿಗಳ ವೃತ್ತಾಂತ ಮರುವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಮೊದಲಿನ ಆ ಯಂತ್ರಗಳ ಗದ್ದಲವನ್ನೂ, ಪ್ರತಿ ರಾತ್ರಿ ಅಂಟು ಹಚ್ಚಿ ಮುಖಕ್ಕೆ ಕೂಡಿಸಬೇಕಾಗಿದ್ದ ಮುಖವಾಡಗಳನ್ನೂ ನೆನೆದರೆ, ಮಂಚದ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳುವ ಇಂದಿನ ಸಿಪ್ಯಾಪ್ ಯಂತ್ರ ಬಹಳ ಸುಸಂಸ್ಕೃತವಾದದ್ದೆಂದೇ ಹೇಳಬೇಕು. ಒಂದು ಪೆಟ್ಟಿಗೆ, ಅದಕ್ಕೆ ತಗುಲಿದ ನೀರಿನ ಪುಟ್ಟ ತೊಟ್ಟಿ, ಸುಮಾರು ಆರು ಅಡಿ ಉದ್ದದ ಕೊಳವೆ, ಕೊಳವೆಯ ತುದಿಯಲ್ಲಿ ಮಾಸ್ಕ್. ಇಷ್ಟೇ ಸಲಕರಣೆ.

ಈ ಲೇಖನದ ವಿಷಯ ಆ ಕೊಳವೆ. ಯಂತ್ರ ಕೊಳ್ಳಲು ಹೋದವರಿಗೆಲ್ಲ ಅಂಗಡಿಯವರು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: "ಸಾರ್, ಹೀಟೆಡ್ ಟ್ಯೂಬ್ ಹಾಕಿಬಿಡಲೆ?" ಅದಕ್ಕೆ ಇನ್ನೂ ಕೆಲವು ಸಾವಿರ ರೂಪಾಯಿ. ಮದುವೆಯ ಸೀರೆ ತೆಗೆದುಕೊಂಡ ಮೇಲೆ "ಫಾಲ್ ಹಚ್ಚಿಸಿಬಿಡೋಣವೆ?" ಎಂದು ಕೇಳುವ ಧಾಟಿ ಅದು, ಬೇಡವೆಂದರೆ ಕೈಬಿಗಿಯವನೆನ್ನಿಸಿಕೊಳ್ಳಬೇಕು, ಬೇಕೆಂದರೆ ಏತಕ್ಕೆ ಬೇಕೆಂದು ಗೊತ್ತಿಲ್ಲ. ವೈದ್ಯರನ್ನು ಕೇಳಿದರೆ, "ಅದು ನಿಮ್ಮ ಅನುಕೂಲದ ಮಾತು" ಎಂದರು. ಅನುಕೂಲವೆಂಬುದು ಮನೆಯಿಂದ ಮನೆಗೆ, ಮೂಗಿನಿಂದ ಮೂಗಿಗೆ ಬದಲಾಗುವ ವಸ್ತುವಾದ್ದರಿಂದ ನಾನು ಅಂದು ಕೊಳ್ಳದೆ ಬಂದು, ಒಂದು ಚಳಿಗಾಲವಿಡೀ ಆ ವಿಷಯವನ್ನೇ ವಿಚಾರಿಸುತ್ತ ಕಳೆದೆ. ನಿವೃತ್ತನಾದ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಸಂಶೋಧನೆ ಯಾರು ಕೊಟ್ಟಾರು?

ಮೊದಲು ನೀರಿನ ತೊಟ್ಟಿಯ ಮಾತು. ನಮ್ಮ ಮೂಗು ಬರಿಯ ಬಾಗಿಲಲ್ಲ. ಅದೊಂದು ಬಿಸಿನೀರಿನ ಮನೆ. ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಶ್ವಾಸಕೋಶಕ್ಕೆ ಕಳುಹಿಸುವುದು ಅದರ ಕೆಲಸ. ಹೊರಹೋಗುವ ಉಸಿರಿನಿಂದ ಅದೇ ಶಾಖವನ್ನೂ ತೇವವನ್ನೂ ಒಂದಿಷ್ಟು ಮರಳಿ ಪಡೆದು ಉಳಿತಾಯವನ್ನೂ ಮಾಡುತ್ತದೆ. ಯಂತ್ರದ ಗಾಳಿ ರಾತ್ರಿಯೆಲ್ಲ ಬೀಸುತ್ತಿದ್ದರೆ ಮೂಗಿಗೆ ಈ ದುಡಿಮೆ ಹೆಚ್ಚಾಗುತ್ತದೆ. ನಿದ್ರೆಯಲ್ಲಿ ಬಾಯಿ ತೆರೆದುಕೊಂಡರಂತೂ ಮೂಗಿನಿಂದ ಒಳಹೋದ ಗಾಳಿ ಬಾಯಿಂದಲೇ ಸೋರಿಹೋಗಿ, ಮೂಗಿಗೆ ಬರೀ ಖರ್ಚು, ಜಮಾ ಏನೂ ಇಲ್ಲ. ಒಳಗಿನ ಪೊರೆ ಒಣಗಿ, ಕೆರಳಿ, ಊದಿಕೊಂಡು ಮೂಗು ಕಟ್ಟುತ್ತದೆ. ಮೂಗು ಕಟ್ಟಿದವನು ನಡುರಾತ್ರಿ ಮಾಸ್ಕನ್ನು ಕಿತ್ತೆಸೆಯುತ್ತಾನೆ. ಇದನ್ನು ತಡೆಯಲೆಂದೇ ತೊಟ್ಟಿಯ ನೀರನ್ನು ಕಾಯಿಸಿ, ಗಾಳಿಯನ್ನು ಅದರ ಮೇಲೆ ಹಾಯಿಸಿ, ತೇವಮಾಡಿ ಕಳುಹಿಸುವ ಏರ್ಪಾಡು.

ತೊಂದರೆ ಶುರುವಾಗುವುದು ಮುಂದಿನ ಆರು ಅಡಿಗಳಲ್ಲಿ. 30 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಹೊರಬಲ್ಲದ್ದು ಸುಮಾರು 17 ಗ್ರಾಂ. 15 ಡಿಗ್ರಿಗೆ ಇಳಿದರೆ 13 ಗ್ರಾಂ. ಹೊರಲಾರದ್ದನ್ನು ಅದು ಕೆಳಗಿಳಿಸಲೇಬೇಕು. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವುದೂ, ಮಾರ್ಗಶಿರದ ಬೆಳಗಿನಲ್ಲಿ ಗರಿಕೆಯ ಮೇಲೆ ಇಬ್ಬನಿ ಕೂಡುವುದೂ ಇದೇ ನಿಯಮದಿಂದ. ತೊಟ್ಟಿಯಿಂದ ಬೆಚ್ಚಗೆ, ಒದ್ದೆಯಾಗಿ ಹೊರಟ ಗಾಳಿ ತಣ್ಣನೆಯ ಕೋಣೆಯಲ್ಲಿ ಹರಡಿಕೊಂಡ ತೆಳು ಪ್ಲಾಸ್ಟಿಕ್ ಕೊಳವೆಯನ್ನು ಹಾದುಬರುವಾಗ ತನ್ನ ಹೊರೆಯನ್ನು ದಾರಿಯಲ್ಲೇ ಇಳಿಸುತ್ತದೆ. ಆ ತೊಟ್ಟಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕೆಂದು ಯಂತ್ರದ ಕೈಪಿಡಿ ಆಜ್ಞಾಪಿಸುತ್ತದೆ. ಕೊಳವೆ ಆ ನೀರನ್ನು ಇನ್ನೊಮ್ಮೆ ಬಟ್ಟಿ ಇಳಿಸುತ್ತದೆ!

ಇದೇನು ನಾಲ್ಕು ಹನಿಯ ಮಾತು ಎಂದು ಉದಾಸೀನ ಮಾಡುವಂತಿಲ್ಲ. ಬಿಟ್ಟ ಉಸಿರು ಮಾಸ್ಕಿನಲ್ಲಿಯೇ ಉಳಿಯದಿರಲೆಂದು ಅದರಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ನಿಮಿಷಕ್ಕೆ 30 ಲೀಟರ್ ಗಾಳಿ ಹೋಗುತ್ತದೆಂದು ಹಿಡಿದರೂ, ಏಳು ಗಂಟೆಗಳ ನಿದ್ರೆಯಲ್ಲಿ ಕೊಳವೆಯನ್ನು ಹಾದುಹೋಗುವ ಗಾಳಿ 12 ಘನ ಮೀಟರಿಗೂ ಮಿಕ್ಕಿದ್ದು. ಘನ ಮೀಟರಿಗೆ 3 ಗ್ರಾಂ ನೀರು ಇಳಿದರೆ ಬೆಳಗಾಗುವ ಹೊತ್ತಿಗೆ 35-40 ಗ್ರಾಂ, ಎಂದರೆ ಎರಡು ಮೂರು ದೊಡ್ಡ ಚಮಚೆಯಷ್ಟು ನೀರು ಕೊಳವೆಯ ತಗ್ಗಿನಲ್ಲಿ ನಿಂತಿರುತ್ತದೆ. ಮೊದಲು ಹುಕ್ಕಾ ಸೇದಿದಂತೆ ಗುಳುಗುಳು ಸದ್ದು. ಮಗ್ಗುಲು ಬದಲಾಯಿಸಿದಿರೋ, ಆ ನೀರು ನೇರವಾಗಿ ಮೂಗಿಗೆ. ನಿದ್ರಿಸುತ್ತಿರುವವನ ಮೂಗಿಗೆ ತಣ್ಣೀರು ಬಿದ್ದರೆ ಅವನ ಮನಃಸ್ಥಿತಿ ಏನಾಗುವುದೆಂದು ವರ್ಣಿಸಬೇಕಾಗಿಲ್ಲ.

ಬಿಸಿ ಕೊಳವೆ ಮಾಡುವುದು ಇಷ್ಟೇ: ಅದರ ಗೋಡೆಯಲ್ಲಿ ಸುರುಳಿಯಾಗಿ ಸುತ್ತಿದ ತಂತಿಯುಂಟು, ಅದು ಕಾದು, ಗಾಳಿ ಮೂಗನ್ನು ಮುಟ್ಟುವವರೆಗೆ ತಣಿಯದಂತೆ ನೋಡಿಕೊಳ್ಳುತ್ತದೆ. ಹೆಚ್ಚುಪಾಲು ಕೊಳವೆಗಳಲ್ಲಿ ಮಾಸ್ಕಿನ ಕಡೆಯ ತುದಿಯಲ್ಲಿ ಶಾಖವನ್ನಳೆಯುವ ಒಂದು ಸೂಕ್ಷ್ಮ ಸಾಧನವೂ ಇರುತ್ತದೆ. ನಾನು ವಿಚಾರಿಸಿದ ಒಂದರಲ್ಲಿ 16ರಿಂದ 30 ಡಿಗ್ರಿಯವರೆಗೆ ನಮಗೆ ಬೇಕಾದ ಶಾಖವನ್ನು ಗೊತ್ತುಪಡಿಸಬಹುದು. ಏನೂ ಮಾಡದೆ ಬಿಟ್ಟರೆ 27ರಲ್ಲಿ ನಿಲ್ಲುತ್ತದೆ.

ಈ ಉಪಾಯದ ಹುಟ್ಟನ್ನು ಹುಡುಕಿಕೊಂಡು ಹೋದರೆ ನಾವು ಮಲಗುವ ಮನೆಯನ್ನು ಬಿಟ್ಟು ತೀವ್ರ ನಿಗಾ ಘಟಕಕ್ಕೆ ಹೋಗಬೇಕಾಗುತ್ತದೆ. 1960ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಕೃತಕ ಉಸಿರಾಟದ ಯಂತ್ರಕ್ಕೆ ಒಳಪಟ್ಟ ರೋಗಿಗಳಿಗೆ ಬೆಚ್ಚನೆಯ ತೇವದ ಗಾಳಿ ಒದಗಿಸುವ ಉಪಕರಣವೊಂದನ್ನು ಅಲ್ಲಿನ ವೈದ್ಯರೂ ಇಂಜಿನಿಯರರೂ ಕೂಡಿ ರಚಿಸಿದರು. ಮೊದಲ ಮಾದರಿಗೆ ಅವರು ಬಳಸಿದ್ದು ಹಣ್ಣನ್ನು ಕೆಡದಂತೆ ತುಂಬಿಡುವ ಗಾಜಿನ ಜಾಡಿ! ಮುಂದೆ ಅಂಥ ಉಪಕರಣಗಳ ಕೊಳವೆಗಳಿಗೆ ಕಾಯುವ ತಂತಿಯೂ ಬಂದಿತು. ಆ ರೋಗಿಗಳ ಸ್ಥಿತಿಯನ್ನು ಗಮನಿಸಿ: ಗಾಳಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ಮೂಗೆಂಬ ಬಿಸಿನೀರಿನ ಮನೆಗೆ ಅಲ್ಲಿ ಪಾತ್ರವೇ ಇಲ್ಲ. ದೇಹದ ಶಾಖದಲ್ಲಿ ಪೂರ್ಣ ತೇವಗೊಂಡ ಗಾಳಿಯೆಂದರೆ ಘನ ಮೀಟರಿಗೆ 44 ಗ್ರಾಂ ನೀರಾವಿ. ಅದರ ಹತ್ತಿರಕ್ಕೆ ಹೊರಗಿನಿಂದಲೇ ಒದಗಿಸಬೇಕು. ಅಲ್ಲಿ ಬಿಸಿ ಕೊಳವೆ ಸೌಖ್ಯದ ಸಾಮಗ್ರಿಯಲ್ಲ, ಅವಶ್ಯಕತೆ.

ನಮ್ಮ ಸ್ಥಿತಿ ಅದಲ್ಲ. ನಮಗೆ ಮೂಗಿದೆ, ಅದು ಬಹುಮಟ್ಟಿಗೆ ಕೆಲಸವನ್ನೂ ಮಾಡುತ್ತಿದೆ. ಆದ್ದರಿಂದ ಕೇಳಬೇಕಾದದ್ದು ಬಿಸಿ ಕೊಳವೆ ಒಳ್ಳೆಯದೇ ಎಂದಲ್ಲ. ಒಳ್ಳೆಯದು ಎಂಬುದರಲ್ಲಿ ವಿವಾದವಿಲ್ಲ. ನನ್ನ ಮೂಗು ಬೇಡುವಷ್ಟು ತೇವವನ್ನು, ನನ್ನ ಕೋಣೆಯ ಚಳಿಯಲ್ಲಿ, ಸಾಧಾರಣ ಕೊಳವೆ ಮೂಗಿನವರೆಗೆ ತಂದು ಮುಟ್ಟಿಸಬಲ್ಲದೆ? ಇದು ಪ್ರಶ್ನೆ. ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ, ದೀಪ ಹಾಕಿ, ಕೊಳವೆಯನ್ನು ಎತ್ತಿ ನೋಡಿದಾಗ ಸಿಗುತ್ತದೆ.

ಅದನ್ನೇ ನಾನು ಮಾಡಿದೆ. ಬೆಂಗಳೂರಿನ ಚಳಿ ಹೆಸರಿಗೆ ದೊಡ್ಡದು. 1884ರ ಜನವರಿಯಲ್ಲಿ ಇಲ್ಲಿ ಉಷ್ಣಮಾನ 7.8 ಡಿಗ್ರಿಗೆ ಇಳಿದದ್ದು ದಾಖಲೆ. ಈಗ ಡಿಸೆಂಬರ್, ಜನವರಿಗಳ ರಾತ್ರಿ ಸಾಮಾನ್ಯವಾಗಿ 15-16ರ ಸುಮಾರಿನಲ್ಲಿ ನಿಲ್ಲುತ್ತದೆ. ಅದೂ ಹೊರಗೆ. ಕಿಟಕಿ ಮುಚ್ಚಿದ ನನ್ನ ಕೋಣೆಯಲ್ಲಿ ಡಿಸೆಂಬರ್ ಕೊನೆಯ ವಾರ, ನಾಲ್ಕು ಗಂಟೆಗೆ, ದಿಂಬಿನ ಪಕ್ಕದ ಉಷ್ಣಮಾಪಕ 19ರಿಂದ 20 ಡಿಗ್ರಿ ತೋರಿಸುತ್ತಿತ್ತು. ಯಂತ್ರದಲ್ಲಿ ತೇವದ ಮಟ್ಟ 1ರಿಂದ 8ರವರೆಗೆ. 6ಕ್ಕೆ ಏರಿಸಿದರೆ ಕೊಳವೆಯಲ್ಲಿ ಹುಕ್ಕಾ ಶುರು. 4ಕ್ಕೆ ಇಳಿಸಿದರೆ ಒಳಗೋಡೆಯಲ್ಲಿ ಮಂಜಿನ ತೆಳು ಪೊರೆ ಮಾತ್ರ. 4ರಲ್ಲಿ ನನ್ನ ಮೂಗೂ ಗಂಟಲೂ ಯಾವ ದೂರನ್ನೂ ಹೇಳಲಿಲ್ಲ. ಯಂತ್ರವನ್ನು ಮಂಚಕ್ಕಿಂತ ತಗ್ಗಿನ ಮಣೆಯ ಮೇಲಿರಿಸಿದೆ. ಇಳಿದ ನೀರು ಮೂಗಿನ ಕಡೆಗೆ ಬಾರದೆ ತೊಟ್ಟಿಯ ಕಡೆಗೇ ಹರಿದುಹೋಗಲೆಂದು. ಕೊಳವೆಯ ಬಹುಭಾಗವನ್ನು ಹೊದಿಕೆಯೊಳಕ್ಕೆ ಸೇರಿಸಿಕೊಂಡೆ. ಕೊನೆಗೆ ನನ್ನ ಗೃಹಿಣಿ ಹಳೆಯ ಫ್ಲಾನೆಲ್ ಬಟ್ಟೆಯೊಂದನ್ನು ಉದ್ದಕ್ಕೆ ಹೊಲಿದು ಕೊಳವೆಗೆ ಒಂದು ನಿಲುವಂಗಿ ಮಾಡಿಕೊಟ್ಟಳು. ಮೊದಲು ನನ್ನ ಹಳೆಯ ಸ್ವೆಟರಿನ ತೋಳುಗಳನ್ನು ಕತ್ತರಿಸಿ ನೋಡಿದ್ದಳು; ಆರು ಅಡಿಗೆ ಎರಡು ತೋಳು ಸಾಲಲಿಲ್ಲ, ಮೂರನೆಯ ತೋಳಿನ ಸ್ವೆಟರು ಮನೆಯಲ್ಲಿರಲಿಲ್ಲ. ಫ್ಲಾನೆಲ್ ನಿಲುವಂಗಿ ತೊಡಿಸಿದ ಮೇಲೆ ಆ ಮಂಜಿನ ಪೊರೆಯೂ ಹೋಯಿತು. ಎರಡು ವಾರ ದಿನಚರಿಯಲ್ಲಿ ಗುರುತು ಹಾಕಿಕೊಂಡು ನೋಡಿ, ನನಗೆ ಬಿಸಿ ಕೊಳವೆ ಬೇಡವೆಂದು ತೀರ್ಮಾನಿಸಿದೆ.

ಈ ತೀರ್ಮಾನವನ್ನು ಎಲ್ಲರಿಗೂ ಬೋಧಿಸುತ್ತ ತಿರುಗುವ ಮೊದಲೇ ಮಡಿಕೇರಿಯ ನನ್ನ ಸ್ನೇಹಿತರ ಪ್ರಸಂಗ ಒದಗಿತು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಅಂಕಿ ನನ್ನದಕ್ಕಿಂತ ಹೆಚ್ಚು, 50ರ ಮೇಲೆ. ಯಂತ್ರ ತಂದ ಮೊದಲ ಆರು ತಿಂಗಳು ಅವರು ಅದನ್ನು ಹೊಗಳಿದ್ದೇ ಹೊಗಳಿದ್ದು. ಹಗಲಿನ ತೂಕಡಿಕೆ ಮಾಯವಾಗಿತ್ತು, ಓದುವ ಪುಸ್ತಕ ಕೈಯಿಂದ ಜಾರಿ ಬೀಳುವುದು ನಿಂತಿತ್ತು. ಡಿಸೆಂಬರ್ ಬಂದಿತು. ಅವರದು ಹೆಂಚಿನ ಮನೆ; ಮೇಲೆ ಹಲಗೆಯ ಮುಚ್ಚಿಗೆಯಿಲ್ಲ. ಅಲ್ಲಿ ರಾತ್ರಿ ಬೆಚ್ಚಗಿರುವುದು ಒಲೆಯ ಬೂದಿ ಮಾತ್ರ. ಒಂದು ದಿನ ಅವರ ಮನೆಯವರು ನನ್ನ ಗೃಹಿಣಿಗೆ ಫೋನು ಮಾಡಿ, "ಯಂತ್ರವನ್ನು ಬೀರುವಿನಲ್ಲಿಟ್ಟುಬಿಟ್ಟಿದ್ದಾರೆ, ಎರಡು ತಿಂಗಳಾಯಿತು, ನಿಮ್ಮವರಾದರೂ ಒಂದು ಮಾತು ಹೇಳಬಾರದೆ?" ಎಂದರು. ನಾನು ಮಾತನಾಡಿಸಿದೆ. "ಮೇಷ್ಟ್ರೇ, ರಾತ್ರಿಯೆಲ್ಲ ಯಾರೋ ಮೂಗಿಗೆ ಅರ್ಘ್ಯ ಬಿಡುತ್ತಿರುವ ಹಾಗಿರುತ್ತದೆ. ಈ ಅಭಿಷೇಕಕ್ಕಿಂತ ಗೊರಕೆಯೇ ಮೇಲು" ಎಂದು ನಕ್ಕುಬಿಟ್ಟರು.

ನಗು ಬಹಳ ದಿನ ಉಳಿಯಲಿಲ್ಲ. ಮುಂದಿನ ವಾರ ಸಂಪಾಜೆ ಘಾಟಿಯಲ್ಲಿ ಕಾರು ನಡೆಸಿಕೊಂಡು ಇಳಿಯುತ್ತಿದ್ದಾಗ ಅವರಿಗೆ ಅರೆಕ್ಷಣ ಕಣ್ಣು ಮುಚ್ಚಿತು. ಕಾರಿನ ಎಡಗಾಲಿಗಳು ಗುಡ್ಡದ ಬದಿಯ ಚರಂಡಿಗೆ ಇಳಿದು ನಿಂತವು. ಬಲಕ್ಕೆ ತಿರುಗಿದ್ದರೆ ಅತ್ತ ಕಣಿವೆ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕುಳಿತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮಗ ಅಂದೇ ಕಾರಿನ ಬೀಗದಕೈಯನ್ನು ತನ್ನಲ್ಲಿಟ್ಟುಕೊಂಡ. ನಲವತ್ತು ವರ್ಷ ಆ ಘಾಟಿಯಲ್ಲಿ ಓಡಾಡಿದವರಿಗೆ ಅದು ಎಂಥ ಅವಮಾನವೆಂಬುದು ಅವರ ಮೌನದಿಂದಲೇ ನನಗೆ ತಿಳಿಯಿತು.

ನಾನು ಜನವರಿಯಲ್ಲಿ ಉಷ್ಣಮಾಪಕವನ್ನೂ ನನ್ನ ಯಂತ್ರವನ್ನೂ ಕಟ್ಟಿಕೊಂಡು ಮಡಿಕೇರಿಗೆ ಹೋದೆ. ಬೆಳಗಿನ ನಾಲ್ಕೂವರೆಗೆ ಅವರ ಕೋಣೆಯಲ್ಲಿ 13 ಡಿಗ್ರಿ. ಬೆಂಗಳೂರಿನಲ್ಲಿ ಒಣಗಿಯೇ ಇರುತ್ತಿದ್ದ ನನ್ನ ಕೊಳವೆ, ಫ್ಲಾನೆಲ್ ನಿಲುವಂಗಿ ತೊಟ್ಟುಕೊಂಡೇ, ಅಲ್ಲಿ ಮೂರು ಗಂಟೆಯ ಹೊತ್ತಿಗೆ ಗುಳುಗುಳು ಎಂದಿತು. ಅವರ ಮೂಗಾದರೋ ನನ್ನದಕ್ಕಿಂತ ನಾಜೂಕು. ತೇವದ ಮಟ್ಟವನ್ನು 4ಕ್ಕೆ ಇಳಿಸಿದರೆ ಒಣಗಿ, ಕಟ್ಟಿ, ಉರಿಯುತ್ತದೆ. 7ಕ್ಕೆ ಏರಿಸಿದರೆ ಉರಿ ಶಾಂತವಾಗುತ್ತದೆ, ಆದರೆ ಅರ್ಘ್ಯ ಪ್ರಾರಂಭವಾಗುತ್ತದೆ. ಎರಡರ ನಡುವೆ ನಿಲ್ಲಲು ಅವರಿಗೆ ಸ್ಥಳವೇ ಇರಲಿಲ್ಲ. ಬಿಸಿ ಕೊಳವೆಯನ್ನು ಮಾಡಿದ್ದು ಇಂಥವರಿಗಾಗಿ. "ಕೊಳ್ಳಿ" ಎಂದೆ. ಕೊಂಡರು. ಕೊಳವೆಯ ಶಾಖ 27ರಲ್ಲಿ ಸ್ವಲ್ಪ ಉಬ್ಬಸವೆನ್ನಿಸಿತೆಂದು 24ಕ್ಕೆ ಇಳಿಸಿಕೊಂಡರು. ಅಂದಿನಿಂದ ಕೊಳವೆಯಲ್ಲಿ ನೀರಿಲ್ಲ, ಯಂತ್ರ ಬೀರುವಿಗೆ ಹೋಗಿಲ್ಲ. ವೈದ್ಯರು ಯಂತ್ರದ ಲೆಕ್ಕಗಳನ್ನು ನೋಡಿ ಒಪ್ಪಿದ ಮೇಲೆ, ಮೂರು ತಿಂಗಳಿಗೆ, ಮಗ ಬೀಗದಕೈಯನ್ನು ಹಿಂದಿರುಗಿಸಿದ. ಕೆಲವು ಸಾವಿರ ರೂಪಾಯಿ ಹೆಚ್ಚಾಯಿತೇ ಎಂದು ಯಾರಾದರೂ ಕೇಳಿದರೆ, ಎರಡು ತಿಂಗಳು ಬೀರುವಿನಲ್ಲಿ ಮಲಗಿದ್ದ ಯಂತ್ರದ ಬೆಲೆಯನ್ನು ಅವರು ಮೊದಲು ಹೇಳುತ್ತಾರೆ.

ಹಾಗಾದರೆ ಬೆಟ್ಟದ ಊರಿನವರಿಗೆ ಬೇಕು, ಬಯಲಿನವರಿಗೆ ಬೇಡ ಎಂದು ವಿಂಗಡಿಸಿಬಿಡಬಹುದೆ? ಅದೂ ಸರಿಯಲ್ಲ. ಮಂಗಳೂರಿನಲ್ಲಿರುವ ನನ್ನ ಸೋದರಮಾವನ ಮಗನಿಗೂ ಇದೇ ಯಂತ್ರ. ಸಮುದ್ರದ ಗಾಳಿಯಲ್ಲೇ ತೇವ ತುಂಬಿರುವ ಊರಿನಲ್ಲಿ ತೊಟ್ಟಿಯೇ ಅನಾವಶ್ಯಕವೆಂದು ನಾನು ಭಾವಿಸಿದ್ದೆ. ಅವನು ರಾತ್ರಿ ಎ.ಸಿ. ಹಾಕಿಕೊಳ್ಳುತ್ತಾನೆಂಬುದನ್ನು ಅವನೇ ಹೇಳಿದ. ಎ.ಸಿ. ಗಾಳಿಯನ್ನು ತಣಿಸುವುದರ ಜೊತೆಗೆ ಅದರ ನೀರನ್ನೂ ಹಿಂಡಿ ಹೊರಹಾಕುತ್ತದೆ. ಕೋಣೆ ಒಣಗಿ ಮೂಗು ಹೆಚ್ಚು ತೇವ ಬೇಡುತ್ತದೆ, ತಣ್ಣನೆಯ ಬೀಸು ನೇರವಾಗಿ ಕೊಳವೆಯ ಮೇಲೆ ಬಿದ್ದು ನೀರಿಳಿಯುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಅವನು ಹಣ ಕೊಟ್ಟು ಜನವರಿಯ ಮಡಿಕೇರಿಯನ್ನು ತರಿಸಿಕೊಂಡಿದ್ದಾನೆ! ಅವನಿಗೆ ನಾನು ಮೊದಲು ಹೇಳಿದ್ದು ಮಂಚವನ್ನು ಎ.ಸಿ.ಯ ಬೀಸಿನಿಂದ ಸರಿಸಿ, ಶಾಖವನ್ನು 26ಕ್ಕೆ ಏರಿಸೆಂದು. ಅಷ್ಟರಿಂದಲೇ ನೀರು ನಿಂತಿತು. ಬಳ್ಳಾರಿ, ಕಲಬುರಗಿಗಳ ಬೇಸಗೆಯಲ್ಲಿ ಲೆಕ್ಕವೇ ಬೇರೆ. ಗಾಳಿ ಒಣದು, ತೊಟ್ಟಿ ಬೇಕು. ಆದರೆ ರಾತ್ರಿಯೂ 30 ಡಿಗ್ರಿಯಿರುವ ಕೋಣೆಯಲ್ಲಿ ಕೊಳವೆಯನ್ನು ಕಾಯಿಸುವುದೆಂದರೆ ಬಿಸಿಲಿನಲ್ಲಿ ನಿಂತವನಿಗೆ ಕಂಬಳಿ ಹೊದಿಸಿದಂತೆ. ಬಿಸಿ ಕೊಳವೆ ಕಾಯಿಸಬಲ್ಲದೇ ಹೊರತು ತಣಿಸಲಾರದು.

ಇನ್ನು ಬಿಸಿ ಕೊಳವೆಯಿಂದ ವಾಸಿಯಾಗದ ತೊಂದರೆಗಳನ್ನೂ ಹೇಳಿಬಿಡಬೇಕು. ಬೆಳಗ್ಗೆ ಬಾಯಿ ಒಣಗಿ ನಾಲಗೆ ಅಂಟುತ್ತಿದ್ದರೆ ಜನ ಸಾಮಾನ್ಯವಾಗಿ ತೇವ ಸಾಲದೆಂದು ತಿಳಿಯುತ್ತಾರೆ. ಎಷ್ಟೋ ಸಲ ಅದು ಸೋರಿಕೆ. ಬಾಯಿ ತೆರೆದುಕೊಂಡಿರುತ್ತದೆ, ಅಥವಾ ಮಾಸ್ಕ್ ಸರಿಯಾಗಿ ಕೂತಿರುವುದಿಲ್ಲ. ಯಂತ್ರದ ಬೆಳಗಿನ ವರದಿಯಲ್ಲಿ ಸೋರಿಕೆಯ ಅಂಕಿ ಇದ್ದೇ ಇರುತ್ತದೆ. ಅದನ್ನು ನೋಡದೆ ಕೊಳವೆ ಕೊಳ್ಳುವುದು ತೂತುಬಿದ್ದ ಕೊಡಕ್ಕೆ ಇನ್ನೊಂದು ಹಗ್ಗ ಕಟ್ಟಿದಂತೆ. ಮಾಸ್ಕಿನ ಅಳತೆ ಬದಲಾಯಿಸುವುದು, ಬಾಯನ್ನೂ ಮುಚ್ಚುವ ಮಾಸ್ಕ್ ಹಾಕುವುದು, ಗಲ್ಲಕ್ಕೆ ಪಟ್ಟಿ ಕಟ್ಟುವುದು ಇವೆಲ್ಲ ಮೊದಲು. ಸದಾ ಮೂಗು ಕಟ್ಟುವವರು ಕೊಳವೆಯ ಅಂಗಡಿಗಿಂತ ಮುಂಚೆ ಮೂಗಿನ ವೈದ್ಯರ ಬಳಿಗೆ ಹೋಗತಕ್ಕದ್ದು.

ಶಾಸ್ತ್ರಜ್ಞರು ಏನನ್ನುತ್ತಾರೆ? ತೇವಗೊಳಿಸಿದ ಗಾಳಿಯಿಂದ ಮೂಗು ಗಂಟಲುಗಳ ಒಣಗುವಿಕೆ ಕಡಿಮೆಯಾಗುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದರಿಂದ ಜನ ಯಂತ್ರವನ್ನು ಹೆಚ್ಚು ಗಂಟೆ ಬಳಸುತ್ತಾರೆಂಬ ಮಾತಿಗೆ ಅಷ್ಟು ಬಲವಾದ ಆಧಾರವಿಲ್ಲ. ಇವೆಲ್ಲ ಸರಾಸರಿಯ ಮಾತು. ತಣ್ಣನೆಯ ಕೋಣೆಯನ್ನೇ ಆರಿಸಿಕೊಂಡು ಪರೀಕ್ಷಿಸಿದ ಜರ್ಮನಿಯ ವೈದ್ಯರ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬಿಸಿ ಕೊಳವೆಯಿಂದ ನೀರಿಳಿಯುವುದು ತಗ್ಗಿ, ನಿದ್ರೆಯ ಗುಣ ಉತ್ತಮಗೊಂಡಿತೆಂದು ಅವರು ಬರೆದರು. ಮಡಿಕೇರಿಯ ಮೇಷ್ಟರಿಗೆ ಬೇಕಾದ ಸಾಕ್ಷ್ಯ ಇದು. ನೂರು ಮಂದಿಯ ಸರಾಸರಿ ಅವರ ಹೆಂಚಿನ ಮನೆಯಲ್ಲಿ ಮಲಗುವುದಿಲ್ಲ.

ಕೊಳ್ಳುವವರು ವಿಚಾರಿಸಿಕೊಳ್ಳಬೇಕಾದ ಎರಡು ಮೂರು ಲೌಕಿಕ ಸಂಗತಿಗಳುಂಟು. ಸಾಧಾರಣ ಕೊಳವೆ ಅಗ್ಗ. ಹೆಚ್ಚುಕಡಿಮೆ ಎಲ್ಲ ಯಂತ್ರಗಳಿಗೂ ಹೊಂದುತ್ತದೆ. ಬಿಸಿ ಕೊಳವೆಗೆ ವಿದ್ಯುತ್ತಿನ ಜೋಡಣೆ ಇರುವುದರಿಂದ ಆಯಾ ಯಂತ್ರಕ್ಕೆ ಆಯಾ ಕೊಳವೆಯೇ ಆಗಬೇಕು. ಮೇಷ್ಟರ ಕೊಳವೆಯನ್ನು ಒಂದು ರಾತ್ರಿಗೆ ಎರವಲು ಪಡೆದು ನೋಡೋಣವೆಂದರೆ ಅದು ನನ್ನ ಯಂತ್ರಕ್ಕೆ ಕೂಡಲೇ ಇಲ್ಲ. ತೂತು ಬಿದ್ದರೆ ಮತ್ತೆ ಅಷ್ಟೇ ಖರ್ಚು. ಇನ್ನು ಕರೆಂಟು. ಯಂತ್ರದ ಪಂಕಕ್ಕೆ ಬೇಕಾದ ವಿದ್ಯುತ್ತು ಅಲ್ಪ. ತೊಟ್ಟಿಯನ್ನೂ ಕೊಳವೆಯನ್ನೂ ಕಾಯಿಸತೊಡಗಿದರೆ ಅದು ಹಲವು ಪಟ್ಟಾಗುತ್ತದೆ. ಬ್ಯಾಟರಿಯ ಮೇಲೆ ನಡೆಸಬೇಕಾದ ರಾತ್ರಿ ಎರಡನ್ನೂ ಆರಿಸಿಬಿಟ್ಟರೆ ಗಾಳಿಯಾದರೂ ಬೆಳಗಿನವರೆಗೆ ಬರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಪುಣ್ಯಕ್ಕೆ ಆ ದಿನಗಳಲ್ಲಿ ಗಾಳಿಯೇ ನೀರಾಗಿರುವುದರಿಂದ ತೊಟ್ಟಿಯ ಹಂಗು ಅಷ್ಟಾಗಿ ಇರುವುದಿಲ್ಲವೆಂದು ಮೇಷ್ಟರು ಹೇಳುತ್ತಾರೆ.

ನನ್ನ ಕೊಳವೆ ಈ ವರ್ಷವೂ ಫ್ಲಾನೆಲ್ ನಿಲುವಂಗಿಯಲ್ಲೇ ಇದೆ. ಆದರೆ ಪ್ರಶ್ನೆ ಮತ್ತೆ ಏಳುವ ಲಕ್ಷಣಗಳುಂಟು. ಟೊರಾಂಟೊದಲ್ಲಿರುವ ಮಗಳು ಬರುವ ಜನವರಿಗೆ ನಮ್ಮಿಬ್ಬರನ್ನೂ ಕರೆದಿದ್ದಾಳೆ. ಹೊರಗಿನ ಹಿಮದ ಗಾಳಿಯಲ್ಲಿ ನೀರಾವಿ ನಾಮಮಾತ್ರ; ಅದನ್ನೇ ಮನೆಯೊಳಗೆ ಕಾಯಿಸಿದಾಗ ಅದು ಬಳ್ಳಾರಿಯ ಗಾಳಿಗಿಂತ ಒಣಗಿರುತ್ತದೆಂದು ಕೇಳಿದ್ದೇನೆ. ಎಂದರೆ ತೊಟ್ಟಿಯ ಮಟ್ಟವನ್ನು ಏರಿಸಲೇಬೇಕು. ರಾತ್ರಿ ಮಲಗುವಾಗ ಮನೆಯ ಶಾಖವನ್ನು ತಗ್ಗಿಸುವ ಪದ್ಧತಿಯೂ ಅಲ್ಲಿ ಉಂಟಂತೆ. ಎಂದರೆ ಕೊಳವೆಯಲ್ಲಿ ನೀರು ಇಳಿದರೂ ಇಳಿಯಬಹುದು. ಅಂಗಡಿಗೆ ಹೋಗುವ ಮೊದಲು, ನಮಗಾಗಿ ಇಟ್ಟಿರುವ ಕೋಣೆಯ ಉಷ್ಣಮಾನವನ್ನು ಬೆಳಗಿನ ನಾಲ್ಕು ಗಂಟೆಗೆ ನೋಡಿ ತಿಳಿಸೆಂದು ಮಗಳಿಗೆ ಬರೆದೆ. "ಅಪ್ಪಾ, ನಾಲ್ಕು ಗಂಟೆಗೆ ನಾನು ನಿದ್ದೆಮಾಡುತ್ತಿರುತ್ತೇನೆ" ಎಂದು ಉತ್ತರ ಬಂದಿದೆ.